ವಾಚಿನೊಳಗಿನ ಮಾಣಿಕ್ಯದ ಮನುಷ್ಯ: ಒಗ್ಯುಸ್ತ್ ವೆರ್ನೊಯ್

ನಮ್ಮಜ್ಜನ ಎಚ್‌ಎಂಟಿ ಜನತಾ ವಾಚು ಈಗ ನನ್ನ ಕೈಗೆ ಬಂದಿದೆ. ಬೆಳಿಗ್ಗೆ ಕೀ ಕೊಟ್ಟರೆ ಮಾರನೇ ದಿನದ ಫಸ್ಟ್ ಅವರ್‌ವರೆಗೂ ತಕರಾರಿಲ್ಲದೆ ಓಡುತ್ತೆ. ತೊಂದರೆ ಇರೋದು ಮೇಲಿನ ಗಾಜಿನಲ್ಲಿ. ಗದ್ದೆ, ಬಾವಿಕಟ್ಟೆ, ಬಸ್ಸಿನ ಕಂಬಿ ಎಲ್ಲದಕ್ಕೂ ಉಜ್ಜಿಸಿಕೊಂಡು ಅದು ಎಷ್ಟು ಮಸುಕಾಗಿದೆ ಅಂದ್ರೆ, ಬಿಸಿಲಿಗೆ ಹಿಡಿದರೆ ಮುಳ್ಳಿಗಿಂತ ಗೀರುಗಳೇ ಜಾಸ್ತಿ ಕಾಣುತ್ತವೆ. ಹಾಸ್ಟೆಲ್‌ನಲ್ಲಿ ಇದರ ಬಗ್ಗೆ ಒಂದು ರಾತ್ರಿ ಪೂರ್ತಿ ಚರ್ಚೆ ಆಯಿತು. ಸಫೈರ್ ಗಾಜು ಹಾಕಿಸಿದರೆ ಜನ್ಮಕ್ಕೂ ಗೀರು ಬೀಳಲ್ಲ ಅಂತ ಒಂದು ಪಾರ್ಟಿ. ಲಕ್ಷಗಟ್ಟಲೆ ಬೆಲೆಯ ಒಮೆಗಾ ವಾಚಿಗೂ ಇವತ್ತಿಗೆ ಅಕ್ರಿಲಿಕ್ ಹಾಕ್ತಾರೆ, ಸುಮ್ಮನಿರಿ ಅಂತ ಇನ್ನೊಂದು ಪಾರ್ಟಿ.

ಸಫೈರ್ ಅಂದ್ರೆ ನೀಲಮಣಿ. ರಾಜರ ಕಿರೀಟದಲ್ಲಿ ಇರಬೇಕಾದ ಕಲ್ಲು ವಾಚಿನ ಗಾಜಾಗುವಷ್ಟು ಅಗ್ಗ ಹೇಗಾಯ್ತು ಅಂತ ಹುಡುಕಿಕೊಂಡು ಹೋದಾಗ ಸಿಕ್ಕಿದ ಮನುಷ್ಯ ಒಗ್ಯುಸ್ತ್ ವೆರ್ನೊಯ್. ರತ್ನಶಾಸ್ತ್ರ ಓದಿದವರಿಗೆ, ಕ್ರಿಸ್ಟಲ್ ಬೆಳೆಸುವವರಿಗೆ ಈ ಹೆಸರು ಚೆನ್ನಾಗಿ ಗೊತ್ತು. ನಮ್ಮ ಮೆಟೀರಿಯಲ್ ಸೈನ್ಸ್ ನೋಟ್ಸ್‌ನಲ್ಲಿ ಮಾತ್ರ ಒಂದು ಸಾಲಿನಲ್ಲಿ ಬಂದು ಹೋಗಿಬಿಡುತ್ತಾನೆ, ಪಾಪ.

ವೆರ್ನೊಯ್ ಹುಟ್ಟಿದ್ದು 1856ರ ನವೆಂಬರ್‌ನಲ್ಲಿ, ಫ್ರಾನ್ಸಿನ ಉತ್ತರ ತುದಿಯ ಬಂದರು ಪಟ್ಟಣ ಡನ್‌ಕರ್ಕ್‌ನಲ್ಲಿ. ಹದಿನೇಳನೇ ವಯಸ್ಸಿಗೆ, ಅಂದ್ರೆ ನಾವು ಸಿಇಟಿ ಬರೆಯೋ ವಯಸ್ಸಿಗೆ, ಪ್ಯಾರಿಸ್ಸಿನ ದೊಡ್ಡ ರಸಾಯನ ವಿಜ್ಞಾನಿ ಎಡ್ಮಂಡ್ ಫ್ರೆಮಿ ಹತ್ತಿರ ಲ್ಯಾಬ್ ಸಹಾಯಕನಾಗಿ ಸೇರಿಕೊಂಡ. ಡಿಗ್ರಿ ಮುಗಿಸಿ ಕೆಲಸ ಹುಡುಕಿದವನಲ್ಲ ಈತ. ಕೆಲಸ ಮಾಡುತ್ತಾ ಮಾಡುತ್ತಾ ಡಿಗ್ರಿ ಪಡೆದವನು. 1886ರಲ್ಲಿ ಡಾಕ್ಟರೇಟ್ ಬಂತು. ಆಮೇಲೆ ಪ್ಯಾರಿಸ್ಸಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನಲ್ಲಿ ಅನ್ವಯಿಕ ರಸಾಯನಶಾಸ್ತ್ರದ ಕೆಲಸ. ಇದರ ನಡುವೆ ಕತ್ತಲಲ್ಲಿ ಹೊಳೆಯುವ ಪುಡಿಗಳ ಮೇಲೂ ಕೈಯಾಡಿಸಿ, ಕ್ಯಾಲ್ಶಿಯಮ್ ಸಲ್ಫೈಡ್ ನೇರಳೆ ಬಣ್ಣಕ್ಕೆ ಹೊಳೆಯಲು ಅದರೊಳಗಿನ ಚೂರುಪಾರು ಬಿಸ್ಮತ್ ಕಾರಣ ಅಂತ ತೋರಿಸಿದ. ಚಿಟಿಕೆಯಷ್ಟು ಕಲಬೆರಕೆ ಇಡೀ ಪದಾರ್ಥದ ಗುಣವನ್ನೇ ಬದಲಿಸುತ್ತೆ ಅನ್ನೋ ಈ ಪಾಠ ಅವನಿಗೆ ಮುಂದೆ ಬಹಳ ಕೆಲಸಕ್ಕೆ ಬಂತು.

ಗುರು ಫ್ರೆಮಿಗೆ ಒಂದು ಹುಚ್ಚಿತ್ತು. ಮಾಣಿಕ್ಯವನ್ನು ಲ್ಯಾಬಿನಲ್ಲಿ ಮಾಡಬೇಕು ಅಂತ. ಮಾಣಿಕ್ಯ, ನೀಲಮಣಿ ಎರಡೂ ಮೂಲದಲ್ಲಿ ಒಂದೇ ವಸ್ತು: ಅಲ್ಯೂಮಿನಮ್ ಆಕ್ಸೈಡ್, ಅಂದ್ರೆ ಕೊರಂಡಮ್. ಶುದ್ಧವಾಗಿದ್ದರೆ ನೀರಿನ ಹಾಗೆ ಪಾರದರ್ಶಕ. ಸ್ವಲ್ಪ ಕ್ರೋಮಿಯಮ್ ಸೇರಿದರೆ ಕೆಂಪು, ಅದು ಮಾಣಿಕ್ಯ. ಕೊರಂಡಮ್ ಅನ್ನೋ ಹೆಸರು ಕೂಡ ನಮ್ಮ ಕಡೆಯಿಂದಲೇ ಹೋದದ್ದು, ಸಂಸ್ಕೃತದ ಕುರುವಿಂದ, ತಮಿಳಿನ ಕುರುಂದಂ ಅದರ ಬೇರು. ಹಳೇ ಮೈಸೂರು ಸೀಮೆಯ ನೆಲದಲ್ಲೂ ಈ ಕಲ್ಲಿದೆ, ಬಹುಪಾಲು ಉಜ್ಜುಪುಡಿಗೆ ಮಾತ್ರ ಲಾಯಕ್ಕಾದ ದರ್ಜೆಯದು. ಮೆಟಲರ್ಜಿ ಲ್ಯಾಬಿನಲ್ಲಿ ಸ್ಯಾಂಪಲ್ ಪಾಲಿಶ್ ಮಾಡೋಕೆ ಬಳಸುವ ಬಿಳಿ ಅಲ್ಯೂಮಿನಾ ಪುಡಿ ಇದೆಯಲ್ಲ, ರಾಸಾಯನಿಕವಾಗಿ ಅದೂ ಇದೇ.

ಅಷ್ಟು ಸಸ್ತಾ ಪುಡಿ ಕಲ್ಲಾಗೋಕೆ ಏನಡ್ಡಿ? ಶಾಖ. ಅಲ್ಯೂಮಿನಾ ಕರಗೋದು ಸುಮಾರು 2050 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆ ಶಾಖದಲ್ಲಿ ಅದನ್ನು ಹಿಡಿದಿಡುವ ಪಾತ್ರೆ ಆ ಕಾಲದಲ್ಲಿ ಇರಲಿಲ್ಲ. ಪಾತ್ರೆಯೇ ಕರಗುತ್ತೆ, ಇಲ್ಲವೇ ಪಾತ್ರೆಯ ಕಲ್ಮಶ ಒಳಗೆ ಸೇರುತ್ತೆ. ಫ್ರೆಮಿ ಅಡ್ಡದಾರಿ ಹಿಡಿದ. ಉಪ್ಪನ್ನು ನೀರಲ್ಲಿ ಕರಗಿಸಿ ಹರಳು ಬರಿಸುವ ಹಾಗೆ, ಅಲ್ಯೂಮಿನಾವನ್ನು ಬೇರೆ ಕರಗಿದ ರಾಸಾಯನಿಕಗಳಲ್ಲಿ ಬೆರೆಸಿ ಕುಲುಮೆಯಲ್ಲಿ ದಿನಗಟ್ಟಲೆ ಇಡುವುದು. ವೆರ್ನೊಯ್ ವರ್ಷಗಟ್ಟಲೆ ಈ ಕುಲುಮೆ ಕಾದ. ಬಂದದ್ದು ನಿಜವಾದ ಮಾಣಿಕ್ಯವೇ, ಆದರೆ ತೀರಾ ಪುಟ್ಟ, ತೆಳು ಚಕ್ಕೆಗಳು. ಗುರು ಶಿಷ್ಯರ ಪ್ರಯೋಗಗಳ ಪುಸ್ತಕ 1891ರಲ್ಲಿ ಪ್ರಕಟವಾಯಿತು. ಉಂಗುರಕ್ಕೆ ಕೂರಿಸುವಂಥ ಕಲ್ಲು ಮಾತ್ರ ಆ ದಾರಿಯಲ್ಲಿ ಸಿಗಲಿಲ್ಲ.

ಅಷ್ಟರಲ್ಲಿ ಒಂದು ಪತ್ತೇದಾರಿ ಪ್ರಸಂಗ ನಡೆದಿತ್ತು. 1885-86ರ ಹೊತ್ತಿಗೆ ಜಿನೀವಾ ಕಡೆಯಿಂದ ಕೆಲವು ಮಾಣಿಕ್ಯಗಳು ಮಾರುಕಟ್ಟೆಗೆ ಬಂದವು. ನೋಡೋಕೆ ಅಸಲಿ, ಗಡಸುತನವೂ ಅಸಲಿ, ಆದರೆ ಲೆನ್ಸ್ ಹಿಡಿದು ನೋಡಿದರೆ ಒಳಗೆ ಗುಂಡನೆಯ ಗಾಳಿಗುಳ್ಳೆಗಳು. ನೆಲದಡಿ ಹುಟ್ಟಿದ ಮಾಣಿಕ್ಯದಲ್ಲಿ ಅಂಥವು ಇರೋದಿಲ್ಲ. ರತ್ನದ ವ್ಯಾಪಾರಿಗಳಿಗೆ ನಡುಕ ಹುಟ್ಟಿತು. ಬರ್ಮಾದ ಅಸಲಿ ಮಾಣಿಕ್ಯದ ಚೂರುಗಳನ್ನೇ ಕರಗಿಸಿ ಅಂಟಿಸಿದ್ದಾರೆ ಅನ್ನೋ ಸುದ್ದಿ ಹಬ್ಬಿತು. ಯಾರು ಮಾಡಿದರು ಅನ್ನೋದು ಗುಟ್ಟಾಗಿಯೇ ಉಳಿಯಿತು. ಆ ಜಿನೀವಾ ಕಲ್ಲು ವೆರ್ನೊಯ್ ಕೈಗೂ ಬಂತು. ಅವನು ಅದರಲ್ಲಿ ಓದಿಕೊಂಡದ್ದು ಮೋಸವನ್ನಲ್ಲ. ಪಾತ್ರೆ ಇಲ್ಲದೆ, ಬರೀ ಜ್ವಾಲೆಯಲ್ಲೇ ಯಾರೋ ಇದನ್ನು ಕರಗಿಸಿದ್ದಾರೆ ಅನ್ನೋ ಸುಳಿವನ್ನು.

ಅವನು ಕಟ್ಟಿದ ಯಂತ್ರವನ್ನು ನೋಡಿದರೆ, ಇಷ್ಟೇನಾ ಅನ್ನಿಸುತ್ತೆ. ಊದುಕೊಳವೆಯನ್ನು ತಲೆಕೆಳಗು ಮಾಡಿದ, ಜ್ವಾಲೆ ಕೆಳಮುಖ. ಮೇಲೆ ಒಂದು ಡಬ್ಬಿ, ಅದರ ತಳದಲ್ಲಿ ಜರಡಿ, ಡಬ್ಬಿ ತುಂಬ ನುಣ್ಣನೆ ಅಲ್ಯೂಮಿನಾ ಪುಡಿ, ಜೊತೆಗೆ ಚಿಟಿಕೆ ಕ್ರೋಮಿಯಮ್ ಆಕ್ಸೈಡ್. ಡಬ್ಬಿಯ ಮೇಲೆ ಪುಟ್ಟ ಸುತ್ತಿಗೆ ಟಕ್ ಟಕ್ ಅಂತ ಬಡಿಯುತ್ತಾ ಇರುತ್ತೆ. ಒಂದೊಂದು ಪೆಟ್ಟಿಗೂ ಸ್ವಲ್ಪ ಪುಡಿ ಉದುರುತ್ತೆ. ಆಕ್ಸಿಜನ್ ಆ ಪುಡಿಯನ್ನು ಹೊತ್ತುಕೊಂಡು ಒಳಗಿನ ಕೊಳವೆಯಲ್ಲಿ ಇಳಿಯುತ್ತೆ, ಹೊರಗಿನ ಕೊಳವೆಯಲ್ಲಿ ಹೈಡ್ರೋಜನ್ ಬರುತ್ತೆ, ಎರಡೂ ಸೇರಿದಲ್ಲಿ ಬೆಂಕಿ. ಜ್ವಾಲೆಯಲ್ಲಿ ಬೀಳುತ್ತಿರುವಾಗಲೇ ಪುಡಿ ಕರಗಿ, ಕೆಳಗೆ ನಿಲ್ಲಿಸಿದ ಸೆರಾಮಿಕ್ ಕಡ್ಡಿಯ ತುದಿಗೆ ಹನಿ ಹನಿಯಾಗಿ ಕೂರುತ್ತೆ. ಕೆಳಗಿನದು ಗಟ್ಟಿಯಾಗುತ್ತಿದ್ದ ಹಾಗೆ ಕಡ್ಡಿಯನ್ನು ನಿಧಾನ ಇಳಿಸಬೇಕು. ಕಲ್ಲಿಗೆ ಕಲ್ಲೇ ಪಾತ್ರೆ! ಸುಮಾರು ಎರಡು ಗಂಟೆಯಲ್ಲಿ ಪೇರಲೆಕಾಯಿ ಆಕಾರದ ಒಂದು ಸಣ್ಣ ಗಡ್ಡೆ ಸಿದ್ಧ. ಅದಕ್ಕೆ ಬೂಲ್ ಅಂತ ಹೆಸರು. ಇಡೀ ಬೂಲ್ ಒಂದೇ ಹರಳು.

ಹೇಳೋಕೆ ಸುಲಭ. ವರ್ಷಗಟ್ಟಲೆ ಅವನನ್ನು ಕಾಡಿದ್ದು ಬಿರುಕು. ಬೆಂಕಿಯಿಂದ ತೆಗೆದ ಕಲ್ಲು ತಣಿಯುವಾಗ ಹೊರಗೊಂದು ಶಾಖ, ಒಳಗೊಂದು ಶಾಖ. ಗಾಜಾದರೆ, ಲೋಹವಾದರೆ ಸ್ವಲ್ಪ ಮೆತ್ತಗಾಗಿ ಹೊಂದಿಕೊಳ್ಳುತ್ತೆ. ಕೊರಂಡಮ್ ಹೊಂದಿಕೊಳ್ಳೋ ಜಾತಿಯದಲ್ಲ, ಸಿಡಿಯುತ್ತೆ. ವೆರ್ನೊಯ್ ಕಂಡುಕೊಂಡ ಉಪಾಯ ನಮ್ಮ ಡಿಸೈನ್ ಕ್ಲಾಸಿನಲ್ಲಿ ಹೇಳಿಕೊಡಬೇಕಾದ್ದು. ಕಡ್ಡಿಗೂ ಕಲ್ಲಿಗೂ ಅಂಟು ಇರೋ ಜಾಗ ಸೂಜಿಮೊನೆಯಷ್ಟು ಕಡಿಮೆ ಇರಬೇಕು. ಮೊದಲು ತಣ್ಣನೆ ಜ್ವಾಲೆಯಲ್ಲಿ ಒಂದು ಪುಟ್ಟ ಶಂಕು, ಅದರ ತುದಿಯಿಂದ ಒಂದು ಸಣ್ಣ ದೇಟು, ದೇಟು ನಿಂತ ಮೇಲೇ ಅಗಲ ಮಾಡೋದು. ಹರಳು ಪದರ ಪದರವಾಗಿ, ಕೆಳಗಿನಿಂದ ಮೇಲಕ್ಕೆ, ಜ್ವಾಲೆಯ ಒಂದೇ ಜಾಗದಲ್ಲಿ ಬೆಳೆಯಬೇಕು. ಇಷ್ಟೆಲ್ಲ ಮಾಡಿಯೂ ಬೂಲ್‌ನೊಳಗೆ ಒತ್ತಡ ಉಳಿದೇ ಉಳಿಯುತ್ತಿತ್ತು. ಕೊನೆಗೆ ಅದನ್ನು ಬೇಕಂತಲೇ ಉದ್ದಕ್ಕೆ ಎರಡು ಹೋಳು ಮಾಡಿ ಒತ್ತಡ ಬಿಡಿಸೋದೇ ರೂಢಿಯಾಯಿತು. ಅಷ್ಟು ಗಡಸು ಕಲ್ಲು, ತುದಿಗೆ ಸಣ್ಣ ಏಟು ಕೊಟ್ಟರೆ ನೀಟಾಗಿ ಸೀಳಿಕೊಳ್ಳುತ್ತಿತ್ತು. ಇದನ್ನು ನೆನಪಿಟ್ಟುಕೊಳ್ಳಿ, ಗಾಜಿನ ಜಗಳಕ್ಕೆ ಬೇಕಾಗುತ್ತೆ.

ಇನ್ನು ಅವನು ಈ ವಿದ್ಯೆಯನ್ನು ಏನು ಮಾಡಿದ ಅನ್ನೋದು. 1891 ಮತ್ತು 1892ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಗೆ ಎರಡು ಲಕೋಟೆ ಕೊಟ್ಟ, ಮುದ್ರೆ ಒತ್ತಿದ್ದು. ಆ ಅಕಾಡೆಮಿಯಲ್ಲಿ ಇದೊಂದು ಹಳೆಯ ಪದ್ಧತಿ. ಕಂಡುಹಿಡಿದದ್ದನ್ನು ಬರೆದು ಮುಚ್ಚಿಟ್ಟರೆ ಗುಟ್ಟೂ ಉಳಿಯುತ್ತೆ, ನಾಳೆ ಯಾರಾದರೂ ನಾನೇ ಮೊದಲು ಅಂತ ಬಂದರೆ ತಾರೀಖೂ ಸಾಕ್ಷಿಗೆ ನಿಲ್ಲುತ್ತೆ. ಲಕೋಟೆ ಕೊಟ್ಟು ಸುಮ್ಮನಾದ. ಹತ್ತು ವರ್ಷ! ಸೆಮಿಸ್ಟರ್ ಪ್ರಾಜೆಕ್ಟಿನ ಎಲ್‌ಇಡಿ ಮಿನುಗಿದರೆ ಸ್ಟೇಟಸ್ ಹಾಕುವ ನಮಗೆ ಇದು ಅರ್ಥವಾಗೋದು ಕಷ್ಟ. ಅದೇ ಫ್ರೆಮಿ ಲ್ಯಾಬಿನಲ್ಲಿ ಕೆಲಕಾಲ ಕಲಿತಿದ್ದ ಇನ್ನೊಬ್ಬ, ಆನ್ರಿ ಮೊಯ್ಸಾನ್, 1893ರಲ್ಲಿ ವಜ್ರ ಮಾಡಿದೆ ಅಂತ ಘೋಷಿಸಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಮಿಂಚಿದ. ಅದು ವಜ್ರವಾಗಿರಲಿಲ್ಲ ಅನ್ನೋದೇ ಇಂದಿನ ಅಭಿಪ್ರಾಯ. ಮೊಯ್ಸಾನ್‌ಗೆ 1906ರಲ್ಲಿ ನೊಬೆಲ್ ಬಂತು. ಅದು ಫ್ಲೋರಿನ್ ಬೇರ್ಪಡಿಸಿದ್ದಕ್ಕೆ, ವಿದ್ಯುತ್ ಕುಲುಮೆಗೆ, ಅರ್ಹವಾಗಿಯೇ ಬಂತು. ಆದರೂ ನಿಜವಾದ ರತ್ನವನ್ನು ಲಕೋಟೆಯಲ್ಲಿ ಮುಚ್ಚಿಟ್ಟುಕೊಂಡು ಪಾಠ ಮಾಡುತ್ತಾ ಕೂತವನ ಕಡೆಗೇ ನನ್ನ ಮನಸ್ಸು ವಾಲುತ್ತೆ.

1902ರಲ್ಲಿ ಕೊನೆಗೂ ವಿಷಯ ಹೊರಗೆ ಬಿಟ್ಟ. 1904ರಲ್ಲಿ ಪೂರ್ತಿ ವಿವರ ಪ್ರಕಟಿಸಿದ. ಎಷ್ಟು ಪೂರ್ತಿ ಅಂದ್ರೆ, ಓದಿದವರು ಯಾರು ಬೇಕಾದರೂ ಕುಲುಮೆ ಹೂಡಬಹುದಿತ್ತು. ಹೂಡಿದರು ಕೂಡ. 1907ರ ಹೊತ್ತಿಗೆ ಈ ವಿಧಾನದಿಂದ ವರ್ಷಕ್ಕೆ ಸುಮಾರು 1000 ಕೆಜಿ ಮಾಣಿಕ್ಯ ಬರುತ್ತಿತ್ತು. ಕ್ಯಾರಟ್ ಲೆಕ್ಕದಲ್ಲಿ ತೂಗುತ್ತಿದ್ದ ಕಲ್ಲನ್ನು ಕೆಜಿ ಲೆಕ್ಕದಲ್ಲಿ ತೂಗುವ ಹಾಗಾಯಿತು. ವ್ಯಾಪಾರಿಗಳು ಅಸಲಿ ನಕಲಿ ಬೇರೆ ಮಾಡೋದು ಕಲಿತುಕೊಂಡರು. ಬೂಲ್‌ನ ತಲೆ ಗುಂಡಗಿರುತ್ತಲ್ಲ, ಹಾಗಾಗಿ ಅದರ ಬೆಳವಣಿಗೆಯ ಗೆರೆಗಳೂ ಬಾಗಿರುತ್ತವೆ. ನೆಲದಡಿಯ ಕಲ್ಲಿನಲ್ಲಿ ಗೆರೆ ನೆಟ್ಟಗೆ. ಇಂದಿಗೂ ರತ್ನ ಪರೀಕ್ಷೆ ಕಲಿಯುವವರಿಗೆ ಮೊದಲು ತೋರಿಸೋದು ಈ ಬಾಗಿದ ಗೆರೆಯನ್ನೇ.

ಕೆಜಿಗಟ್ಟಲೆ ಮಾಣಿಕ್ಯದಲ್ಲಿ ಬಹಳಷ್ಟು ಹೋದದ್ದು ಉಂಗುರಕ್ಕಲ್ಲ, ವಾಚಿನೊಳಕ್ಕೆ. ಗಾಲಿಗಳ ಅಚ್ಚಿನ ತುದಿ ಲೋಹದ ಮೇಲೆ ತಿರುಗಿದರೆ ಸವೆಯುತ್ತೆ, ಎಣ್ಣೆ ಕೆಡುತ್ತೆ. ಅಲ್ಲೊಂದು ತೂತು ಕೊರೆದ ಮಾಣಿಕ್ಯ ಕೂರಿಸಿದರೆ ಘರ್ಷಣೆ ಕಡಿಮೆ, ಸವೆತ ಇಲ್ಲವೇ ಇಲ್ಲ ಅನ್ನಬಹುದು. ಈ ಉಪಾಯಕ್ಕೆ 1704ರಷ್ಟು ಹಿಂದೆಯೇ ಲಂಡನ್ನಿನಲ್ಲಿ ಪೇಟೆಂಟ್ ಸಿಕ್ಕಿತ್ತು. ಆದರೆ ಇನ್ನೂರು ವರ್ಷ ಅಸಲಿ ಕಲ್ಲನ್ನೇ ಕೊರೆಯಬೇಕಿತ್ತು, ಹಾಗಾಗಿ ಒಳ್ಳೇ ವಾಚು ಅಂದ್ರೆ ಸಾಹುಕಾರರ ವಾಚು. ವೆರ್ನೊಯ್ ಬೂಲ್ ಬಂದ ಮೇಲೆ ಕಲ್ಲಿನ ಬೆಲೆ ಲೆಕ್ಕಕ್ಕೇ ಇಲ್ಲದ ಹಾಗಾಯಿತು. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚ್ ಕಾರ್ಖಾನೆ ಶುರುವಾಯಿತಲ್ಲ, ನಮ್ಮಜ್ಜನಂಥವರ ಕೈಗೂ ಒಂದು ವಾಚು ಬಂತಲ್ಲ, ಆ ಜನತಾದ ಡಯಲ್ ಮೇಲೆ 17 ಜ್ಯುವೆಲ್ಸ್ ಅಂತ ಬರೆದಿರೋದು ಇದನ್ನೇ. ಹದಿನೇಳು ಕಾರ್ಖಾನೆಯ ಮಾಣಿಕ್ಯ. ಚಿಕ್ಕಂದಿನಲ್ಲಿ ನಾನು ಅದು ಬರೀ ಜಂಭದ ಮಾತು ಅಂದುಕೊಂಡಿದ್ದೆ.

ಕೆಂಪು ಕೈಗೆ ಬಂದ ಮೇಲೆ ವೆರ್ನೊಯ್ ನೀಲಿಯ ಹಿಂದೆ ಬಿದ್ದ. ನೀಲಿಗೆ ಕೋಬಾಲ್ಟ್ ಅಂತ ಎಲ್ಲರ ಲೆಕ್ಕ, ಗಾಜಿಗೆ ಅದನ್ನೇ ಹಾಕೋದು. ಕೊರಂಡಮ್‌ನಲ್ಲಿ ಕೋಬಾಲ್ಟ್ ಕೂರಲಿಲ್ಲ, ಬಣ್ಣ ತೇಪೆ ತೇಪೆ. ಬಣ್ಣ ಹರಡಲಿ ಅಂತ ಮೆಗ್ನೀಶಿಯಮ್ ಸೇರಿಸಿದರೆ ಚಂದದ ನೀಲಿಯೇನೋ ಬಂತು, ಆದರೆ ಬಂದ ಹರಳು ಕೊರಂಡಮ್ಮೇ ಅಲ್ಲ, ಸ್ಪಿನೆಲ್ ಅನ್ನೋ ಬೇರೆ ಖನಿಜ. ಮತ್ತೆ ಅಸಲಿ ನೀಲಮಣಿಯನ್ನೇ ವಿಶ್ಲೇಷಣೆ ಮಾಡಿದಾಗ ಕಂಡದ್ದು ಕಬ್ಬಿಣ, ಟೈಟಾನಿಯಮ್, ಎರಡೂ ಚೂರು ಚೂರು. ಒಂದೊಂದನ್ನೇ ಹಾಕಿದರೆ ಆ ನೀಲಿ ಇಲ್ಲ, ಎರಡೂ ಜೊತೆಗೂಡಿದರೆ ಮಾತ್ರ. ನ್ಯೂಯಾರ್ಕಿನ ಹೆಲ್ಲರ್ ಅನ್ನೋ ರತ್ನದ ಸಂಸ್ಥೆಯ ಬೆಂಬಲದಲ್ಲಿ ಈ ಕೆಲಸ ನಡೆದು, 1911ರಲ್ಲಿ ಅಮೆರಿಕದ ಪೇಟೆಂಟ್ ಬಂತು. ಅದರ ಹಿಂದಿನ ವರ್ಷ, 1910ರಲ್ಲಿ, ಅಕಾಡೆಮಿಯ ಹಳೇ ಲಕೋಟೆಗಳನ್ನು ಒಡೆದು ಓದಿದ್ದರು. ಹದಿನೆಂಟು, ಹತ್ತೊಂಬತ್ತು ವರ್ಷದ ಹಿಂದೆಯೇ ವಿದ್ಯೆ ಅವನ ಕೈಯಲ್ಲಿತ್ತು ಅನ್ನೋದು ಅಲ್ಲಿಗೆ ದಾಖಲಾಯಿತು.

1913ರ ಏಪ್ರಿಲ್‌ನಲ್ಲಿ ವೆರ್ನೊಯ್ ತೀರಿಕೊಂಡ. ವಯಸ್ಸು ಐವತ್ತಾರು. ಮರುವರ್ಷ ಸ್ವಿಟ್ಜರ್‌ಲೆಂಡಿನ ಮೋಂತೆ ಅನ್ನೋ ಊರಿನಲ್ಲಿ ಜೆವಹಿರ್ಜಿಯನ್ ಅನ್ನೋ ಅರ್ಮೇನಿಯನ್ ಮೂಲದವರು ಕಾರ್ಖಾನೆ ತೆರೆದರು. ಅಲ್ಲಿ ಇವತ್ತಿಗೂ ಇದೇ ಕೆಳಮುಖ ಜ್ವಾಲೆ, ಇದೇ ಪುಡಿ.

ವಾಚಿನ ಮೇಲಿನ ಗಾಜಾಗಿ ಸಫೈರ್ ಬಂದದ್ದನ್ನು ವೆರ್ನೊಯ್ ನೋಡಲಿಲ್ಲ. 1929ರಲ್ಲಿ ಜೇಜರ್ ಲಕೂಲ್ತ್ರ್ ಒಂದು ಪುಟ್ಟ ವಾಚಿಗೆ ಹಾಕಿತು. 1962ರಲ್ಲಿ ರಾಡೋ, ಗೀರು ಬೀಳದ ವಾಚು ಅಂತಲೇ ಡಯಾಸ್ಟಾರ್ ತಂದಿತು. ರೋಲೆಕ್ಸ್ ಎಪ್ಪತ್ತರ ದಶಕದಿಂದ ಒಂದೊಂದೇ ಮಾಡೆಲ್ಲಿಗೆ ಬದಲಾಯಿಸುತ್ತಾ ಹೋಯಿತು. ಅಲ್ಲಿಯವರೆಗೆ ದುಬಾರಿ ವಾಚಿಗೂ ಜನತಾ ವಾಚಿಗೂ ಗಾಜು ಒಂದೇ, ಅಕ್ರಿಲಿಕ್. ಅದನ್ನು ಮಾರುಕಟ್ಟೆಗೆ ತಂದವನು ಒಟ್ಟೊ ರೋಮ್ ಅನ್ನೋ ಜರ್ಮನ್, 1933ರಲ್ಲಿ, ಪ್ಲೆಕ್ಸಿಗ್ಲಾಸ್ ಹೆಸರಿನಲ್ಲಿ. ಅವನದೂ ಚಂದದ ಕಥೆ, ಇನ್ನೊಂದು ಸಂಚಿಕೆಗೆ ಇರಲಿ.

ಈಗ ಹಾಸ್ಟೆಲ್ ಜಗಳಕ್ಕೆ ಬರೋಣ. ಮೋಸ್ ಅಳತೆಯಲ್ಲಿ ಸಫೈರ್ 9, ಅಕ್ರಿಲಿಕ್ ಸುಮಾರು 3. ನಮ್ಮ ಸುತ್ತಿನ ಧೂಳಲ್ಲಿ ಇರೋ ಮರಳಿನ ಕಣ, ಅಂದ್ರೆ ಕ್ವಾರ್ಟ್ಜ್, 7. ಹಾಗಾಗಿ ಬಸ್ಸಿನ ಧೂಳೇ ಸಾಕು ಅಕ್ರಿಲಿಕ್ ಗೀರೋಕೆ, ಸಫೈರ್‌ಗೆ ಅದು ಏನೂ ಮಾಡಲ್ಲ. ಇಷ್ಟಕ್ಕೇ ತೀರ್ಪು ಕೊಟ್ಟರೆ ವೈವಾದಲ್ಲಿ ಸಿಕ್ಕಿಬೀಳ್ತೀವಿ. ಗಡಸುತನ ಬೇರೆ, ಏಟು ತಾಳುವ ಶಕ್ತಿ ಬೇರೆ. ಬಿರುಕು ಹರಡದಂತೆ ತಡೆಯುವ ಗುಣದಲ್ಲಿ ಸಫೈರ್ ಅಕ್ರಿಲಿಕ್‌ಗಿಂತ ತೀರಾ ಹಿಂದೇನಲ್ಲ, ಆದರೆ ಅದು ಬಗ್ಗೋದಿಲ್ಲ. ಅದರ ಯಂಗ್ಸ್ ಮಾಡ್ಯುಲಸ್ ಅಕ್ರಿಲಿಕ್‌ನದಕ್ಕಿಂತ ನೂರು ಪಟ್ಟಿಗೂ ಹೆಚ್ಚು. ಬಿದ್ದ ಏಟನ್ನು ಅಕ್ರಿಲಿಕ್ ಬಳುಕಿ ನುಂಗುತ್ತೆ, ಸಫೈರ್‌ನಲ್ಲಿ ಅಷ್ಟೂ ಒತ್ತಡ ಒಂದೇ ಕಡೆ ಏರುತ್ತೆ. ವೆರ್ನೊಯ್ ಬೂಲ್ ಸಣ್ಣ ಏಟಿಗೆ ಸೀಳಿದ್ದೂ ಇದೇ ಸ್ವಭಾವದಿಂದ. ಒಡೆದರೆ ಅದರ ಚೂರು ಕೂಡ 9ರ ಗಡಸಿನದೇ, ಡಯಲ್ಲನ್ನು ಕೊರೆದು ಗಾಲಿಗಳ ನಡುವೆ ಸೇರಿಕೊಳ್ಳುತ್ತೆ.

ಇನ್ನೊಂದು ವಿಷಯ ಅಂಗಡಿಯವರು ಹೇಳಲ್ಲ. ಸಫೈರ್‌ನ ವಕ್ರೀಭವನ ಸೂಚ್ಯಂಕ ಸುಮಾರು 1.77, ಅಕ್ರಿಲಿಕ್‌ದು 1.49. ಪಿಯುಸಿ ಸೂತ್ರ ಹಾಕಿ ನೋಡಿ, ಸಫೈರ್‌ನ ಒಂದೊಂದು ಮುಖದಿಂದ ಬೆಳಕು ಹೆಚ್ಚುಕಮ್ಮಿ 8 ಪರ್ಸೆಂಟ್ ವಾಪಸ್ ಬರುತ್ತೆ, ಅಕ್ರಿಲಿಕ್‌ನಿಂದ 4. ಅದಕ್ಕೇ ಸಫೈರ್‌ಗೆ ಪ್ರತಿಫಲನ ತಡೆಯುವ ಲೇಪ ಬೇಕು. ಆ ಲೇಪ ಕಲ್ಲಿನಷ್ಟು ಗಡಸಲ್ಲ, ಹೊರಗಡೆ ಹಾಕಿದರೆ ಅದಕ್ಕೇ ಗೀರು ಬೀಳುತ್ತೆ.

ಒಮೆಗಾ ಸ್ಪೀಡ್‌ಮಾಸ್ಟರ್ ವಾಚನ್ನು ನಾಸಾ 1965ರಲ್ಲಿ ಗಗನಯಾನಿಗಳಿಗೆ ಆರಿಸಿದಾಗ ಅದರ ಮೇಲಿದ್ದದ್ದು ಅಕ್ರಿಲಿಕ್. ಒಮೆಗಾದವರು ಅದನ್ನು ಹೆಸಲೈಟ್ ಅಂತ ಕರೀತಾರೆ. ಶಾಖ, ನಿರ್ವಾತ, 40 ಜಿ ಏಟು ಎಲ್ಲ ಕೊಟ್ಟು ಪರೀಕ್ಷೆ ಮಾಡಿದ್ದರು. ತೂಕವಿಲ್ಲದ ಕ್ಯಾಬಿನ್‌ನಲ್ಲಿ ಗಾಜು ಚೂರು ಚೂರಾಗಿ ತೇಲಾಡಿದರೆ ಕಣ್ಣಿಗೂ ಮೂಗಿಗೂ ಅಪಾಯ, ಅಕ್ರಿಲಿಕ್ ಹಾಗೆ ಪುಡಿಯಾಗಲ್ಲ. ಈಗ ಅದೇ ವಾಚನ್ನು ಎರಡೂ ಗಾಜಿನಲ್ಲಿ ಮಾರ್ತಾರೆ, ಸಫೈರ್‌ದು ಬೆಲೆ ಜಾಸ್ತಿ. ದಿನಾ ಆಫೀಸಿಗೆ ಹಾಕಿಕೊಂಡು ಹೋಗುವವರಿಗೆ ಸಫೈರ್ ಸರಿ ಅಂತ ನನ್ನ ಲೆಕ್ಕ. ವರ್ಕ್‌ಶಾಪಿನಲ್ಲಿ ಕೈಯಾಡಿಸುವವರಿಗೆ, ಗೀರು ಬಿದ್ದರೆ ತಾವೇ ಉಜ್ಜಿಕೊಳ್ಳೋ ತಾಳ್ಮೆ ಇರುವವರಿಗೆ ಅಕ್ರಿಲಿಕ್. ಆದರೆ ಯಾವುದನ್ನೇ ಆರಿಸಿ, ಒಳಗೆ ಅಚ್ಚುಗಳ ಕೆಳಗೆ ಕೂತಿರೋದು ವೆರ್ನೊಯ್ ಕಲ್ಲೇ. ಉಜ್ಜಾಟ ಇರುವ ಜಾಗದಲ್ಲಿ ಅದಕ್ಕೆ ಸಾಟಿ ಇಲ್ಲ, ಏಟು ಬೀಳುವ ಜಾಗದಲ್ಲೇ ಜಗಳ.

ಅಜ್ಜನ ವಾಚು ತಗೊಂಡು ಪೇಟೆಯ ರಿಪೇರಿ ಅಂಗಡಿಗೆ ಹೋದೆ. ಸಫೈರ್ ಹಾಕಿಕೊಡ್ತೀರಾ ಅಂತ ಕೇಳಿದ್ದಕ್ಕೆ ಅಲ್ಲಿನ ಹಿರಿಯರು ನಕ್ಕರು. ಈ ಹಳೇ ಕೇಸಿನಲ್ಲಿ ಗಾಜನ್ನು ಹಿಡಿದಿಡೋಕೆ ಅಂಟಿಲ್ಲ, ವಾಷರ್ ಇಲ್ಲ. ಹಲ್ಲುಹಲ್ಲಾದ ಒಂದು ಉಪಕರಣದಿಂದ ಅಕ್ರಿಲಿಕ್ ಗಾಜಿನ ಅಂಚನ್ನು ಸುತ್ತಲೂ ಹಿಂಡಿ, ಕಿರಿದು ಮಾಡಿ ಕೂರಿಸಿ ಬಿಟ್ಟರೆ, ಅದು ಮತ್ತೆ ಅಗಲವಾಗಿ ತಾನಾಗಿಯೇ ಬಿಗಿಯುತ್ತೆ. ಸಫೈರನ್ನು ಹಾಗೆ ಹಿಂಡೋಕೆ ಆಗುತ್ತಾ? ಹೊಸ ಅಕ್ರಿಲಿಕ್ ಹಾಕಿಕೊಡಲಾ ಅಂತ ಕೇಳಿದರು. ಬೇಡ, ಇದನ್ನೇ ಉಜ್ಜಿಕೊಡಿ ಅಂದೆ. ಬಟ್ಟೆಯ ಮೇಲೆ ಪಾಲಿಶ್ ಹಚ್ಚಿ ಹತ್ತು ನಿಮಿಷ ತಿಕ್ಕಿದರು. ಮಸುಕೆಲ್ಲ ಹೋಗಿ 17 ಜ್ಯುವೆಲ್ಸ್ ಅನ್ನೋ ಅಕ್ಷರ ಮತ್ತೆ ಸ್ಪಷ್ಟ ಕಂಡಿತು. ಎರಡು ಗಂಟೆಯ ಅಂಕಿಯ ಹತ್ತಿರ ಒಂದು ಆಳದ ಗೀರು ಮಾತ್ರ ಹೋಗಲಿಲ್ಲ. ಅದು ಬಾವಿಯ ರಾಟೆಗೆ ತಾಗಿ ಆದದ್ದು ಅಂತ ಅಜ್ಜಿ ಹೇಳ್ತಾರೆ.